ಭೋರಿನಲ್ಲಿ ಇದ್ದುಕೊಂಡು ಬೇರೆ ನೌಕರಿ ಹುಡುಕಿದ ವರ್ಷಗಳು

ಭೋರ್ ಅಂದ ಕೂಡಲೇ ನಮ್ಮ ಕಡೆಯವರು ಎರಡರಲ್ಲಿ ಒಂದು ಮಾತು ಹೇಳುತ್ತಾರೆ. "ಭಾಳ ಬೋರ್ ಊರೇನು?" ಅನ್ನುವುದು ಒಂದು. "ಓಹೋ, ಖಂಡಾಳಾ ಹತ್ತಿರ ರೈಲು ಏರತೈತಲ್ಲ, ಆ ಘಾಟು" ಅನ್ನುವುದು ಇನ್ನೊಂದು. ಎರಡೂ ಅಲ್ಲ. 1863ರಲ್ಲಿ ರೈಲು ಹಾಯಿಸಿದ ಆ ಘಾಟೇ ಬೇರೆ, ಈ ಊರೇ ಬೇರೆ. ಪುಣೆಯಿಂದ ಸಾತಾರಾ ರಸ್ತೆ ಹಿಡಿದು ದಕ್ಷಿಣಕ್ಕೆ ಬಂದು, ಕಾಪೂರಹೋಳ ಎಂಬಲ್ಲಿ ಬಲಕ್ಕೆ ತಿರುಗಬೇಕು. ಭಾಟಘರ್ ಆಣೆಕಟ್ಟು ದಾಟಿದರೆ ನೀರಾ ನದಿಯ ದಂಡೆಯ ಮೇಲೆ ಭೋರ್. ಪುಣೆಗೆ ಸುಮಾರು 50 ಕಿಲೋಮೀಟರ್. ಮುಂದೆ ಹೋದರೆ ವರಂಧಾ ಘಾಟು, ಕೆಳಗಿಳಿದರೆ ಕೊಂಕಣದ ಮಹಾಡ.

ನಾನು ರಾಮದುರ್ಗದವನು. ಶಾಲೆಯಲ್ಲಿ ಓದುವಾಗ ನಮ್ಮ ಅಜ್ಜ ಹಳೆಯ ಸಂಸ್ಥಾನಗಳ ಹೆಸರನ್ನು ಮಗ್ಗಿಯ ಹಾಗೆ ಹೇಳಿಸುತ್ತಿದ್ದರು. ಸಾಂಗ್ಲಿ, ಮಿರಜ, ಜಮಖಂಡಿ, ಮುಧೋಳ, ರಾಮದುರ್ಗ, ಜತ್ತ, ಔಂಧ, ಫಲಟಣ, ಭೋರ್. ಬ್ರಿಟಿಷರ ಕಾಲದಲ್ಲಿ ಇವೆಲ್ಲ ಡೆಕ್ಕನ್ ಸಂಸ್ಥಾನಗಳೆಂಬ ಒಂದೇ ಗುಂಪಿನವು. 1947ರಲ್ಲಿ ಇವುಗಳ ಪೈಕಿ ಕೆಲವು ರಾಜರು ಕೂಡಿ ಒಂದು ಒಕ್ಕೂಟ ಮಾಡಲು ಹೊರಟಿದ್ದರು. ಅದರಲ್ಲಿ ರಾಮದುರ್ಗವೂ ಇತ್ತು, ಭೋರೂ ಇತ್ತು. ಅದು ನಿಲ್ಲಲಿಲ್ಲ, 1948ರ ಮಾರ್ಚಿನಲ್ಲಿ ಭೋರ್ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ಆದ್ದರಿಂದ 1994ರ ಮೇ ತಿಂಗಳಲ್ಲಿ ವರ್ಗಾವಣೆಯ ಆದೇಶ ಕೈಗೆ ಬಂದಾಗ ಊರಿನ ಹೆಸರು ನನಗೆ ಹೊಸದಲ್ಲ. ಆದರೆ ಅಲ್ಲಿಗೆ ಹೋಗಿ ಇರಬೇಕು ಅನ್ನುವುದು ಹೊಸದಾಗಿತ್ತು. ಧಾರವಾಡದಲ್ಲಿ ಹೆಂಡತಿಗೆ ಶಾಲೆಯ ನೌಕರಿ, ಮಗಳು ಒಂದನೇ ಇಯತ್ತೆ, ತಂದೆಗೆ ಸಕ್ಕರೆ ಕಾಯಿಲೆ. ನನಗೆ 36 ವರ್ಷ. ಸೂಟ್‌ಕೇಸು, ಒಂದು ಸ್ಟವ್, ಎರಡು ಕೊಡೆ ತೆಗೆದುಕೊಂಡು ಜೂನ್ ಮಳೆಯಲ್ಲಿ ಹೋಗಿ ಹಾಜರಾದೆ.

ಬಂದ ವಾರದಲ್ಲೇ ಬೇರೆ ನೌಕರಿ ಹುಡುಕಲು ಶುರು ಮಾಡಿದೆ. ಕಾಲವೇ ಹಾಗಿತ್ತು. ಆಗಿನ ಬ್ಯಾಂಕಿನ ಪರಿಸ್ಥಿತಿ ಈಗಿನ ಹುಡುಗರಿಗೆ ಸ್ವಲ್ಪ ಬಿಡಿಸಿ ಹೇಳಬೇಕು. 1969ರ ಜುಲೈ 19ರಂದು 14 ಬ್ಯಾಂಕುಗಳು, 1980ರ ಏಪ್ರಿಲ್ 15ರಂದು ಇನ್ನೂ 6 ಬ್ಯಾಂಕುಗಳು ರಾಷ್ಟ್ರೀಕರಣವಾದ ಮೇಲೆ ಬ್ಯಾಂಕಿನ ನೌಕರಿ ಅಂದರೆ ಒಮ್ಮೆ ಹೊಕ್ಕರೆ ಅರವತ್ತಕ್ಕೇ ಹೊರಬರುವ ಬಾಗಿಲು. 1991ರಲ್ಲಿ ನರಸಿಂಹಮ್ ಸಮಿತಿಯ ವರದಿ ಬಂತು. 1993ರ ಜನವರಿಯಲ್ಲಿ ರಿಸರ್ವ್ ಬ್ಯಾಂಕು ಹೊಸ ಖಾಸಗಿ ಬ್ಯಾಂಕುಗಳಿಗೆ ನಿಯಮ ಪ್ರಕಟಿಸಿತು. ಕನಿಷ್ಠ 100 ಕೋಟಿ ಬಂಡವಾಳ ಇರಬೇಕು ಎಂದಿತು. 1994–95ರಲ್ಲಿ ಯುಟಿಐ ಬ್ಯಾಂಕ್, ಗ್ಲೋಬಲ್ ಟ್ರಸ್ಟ್ ಬ್ಯಾಂಕ್, ಎಚ್‌ಡಿಎಫ್‌ಸಿ ಬ್ಯಾಂಕ್ ಒಂದರ ಹಿಂದೆ ಒಂದು ಬಾಗಿಲು ತೆರೆದವು. ಅವರಿಗೆ ತರಬೇತಾದ ಜನ ಬೇಕಿತ್ತು. ತರಬೇತಾದ ಜನ ಇದ್ದದ್ದು ನಮ್ಮಲ್ಲಿ. ಬುಧವಾರದ ಇಂಗ್ಲಿಷ್ ಪತ್ರಿಕೆಯ ಉದ್ಯೋಗ ಪುರವಣಿಗಾಗಿ ನಮ್ಮ ಶಾಖೆಯ ನಾವು ಮೂರು ಮಂದಿ ಅಧಿಕಾರಿಗಳು ಒಬ್ಬರ ಮುಖ ಒಬ್ಬರು ನೋಡದೆ ಕಾಯುತ್ತಿದ್ದೆವು. ಯಾರು ಮೊದಲು ಕತ್ತರಿಸಿ ಇಟ್ಟುಕೊಂಡರೋ ಪತ್ರಿಕೆಯಲ್ಲಿ ಅವರ ಕಿಟಕಿ ಕಾಣುತ್ತಿತ್ತು.

ಎಸ್‌ಟಿ ನಿಲ್ದಾಣದ ಎದುರಿನ ಟೈಪಿಂಗ್ ಕ್ಲಾಸಿನಲ್ಲಿ ನನ್ನ ಬಯೋಡೇಟಾ ಹೊಡೆಸಿದೆ. ಹೆಸರು, ಎಂಕಾಂ, ಸಿಎಐಐಬಿ ಎರಡೂ ಭಾಗ, ಸೇವೆ 11 ವರ್ಷ. ಕೆಳಗೆ 'ಸಾಧನೆ' ಅನ್ನುವ ಕಲಮು. ಅಲ್ಲಿ ಎರಡು ಸಾಲು ಬಂತು. ಠೇವಣಿ ಗುರಿ ಮುಟ್ಟಿದ್ದು ಒಂದು, ಇನ್‌ಸ್ಪೆಕ್ಷನ್‌ನಲ್ಲಿ ಒಳ್ಳೆ ರೇಟಿಂಗ್ ಬಂದದ್ದು ಇನ್ನೊಂದು. ಟೈಪಿಂಗ್ ಮಾಸ್ತರ ಕೈ ನಿಲ್ಲಿಸಿ, "ಇಷ್ಟೇನಾ ಸಾಹೇಬ? ಪುಟ ಅರ್ಧ ಖಾಲಿ ಉಳಿತದಲ್ಲ" ಅಂದ. ಅವನಿಗೆ ಪುಟ ತುಂಬಿಸುವ ಚಿಂತೆ. ಅವತ್ತಿನಿಂದ ನನಗೂ ಅದೇ ಚಿಂತೆ ಹತ್ತಿತು.

ಆ ಮಳೆಗಾಲದ ಸಂಜೆಗಳಲ್ಲಿ ಮಾಡಲು ಏನೂ ಇರಲಿಲ್ಲ. ರಾತ್ರಿ 11ರ ಮೇಲೆ ಎಸ್‌ಟಿಡಿ ಕಾಲು ದರಕ್ಕೆ ಇಳಿಯುತ್ತಿತ್ತು. ಅಲ್ಲಿಯವರೆಗೆ ಎಚ್ಚರ ಇರಬೇಕಲ್ಲ, ಅದಕ್ಕೇ ವಾಚನಾಲಯಕ್ಕೆ ಹೋಗಿ ಆ ಸೀಮೆಯ ಇತಿಹಾಸ ಓದಲು ಹತ್ತಿದೆ. ಮರಾಠಿ ಓದುವುದು ನಮಗೆ ಕಷ್ಟವಲ್ಲ. ಓದುತ್ತಾ ಹೋದಂತೆ ಒಂದು ಸಂಗತಿ ಹಿಡಿಯಿತು. ಈ ಸಣ್ಣ ಸೀಮೆಯ ಇಬ್ಬರು ದೊಡ್ಡವರ ಕಥೆ, ಒಡೆಯನನ್ನು ಬದಲಿಸುವ ಕಥೆಯೇ.

ಮೊದಲನೆಯವನು ಬಾಜೀಪ್ರಭು ದೇಶಪಾಂಡೆ. ಭೋರ್ ತಾಲ್ಲೂಕಿನ ಶಿಂದ ಎಂಬ ಹಳ್ಳಿಯವನು. ಈ ಭಾಗಕ್ಕೆ ಹಿರಡಸ ಮಾವಳ ಎಂದು ಹೆಸರು. ಇಲ್ಲಿನ ದೇಶಮುಖರು ಬಾಂದಲರು. ಅವರ ಕೈಕೆಳಗೆ ಬಾಜೀಪ್ರಭು ಕಾರಭಾರಿ. ಬಾಂದಲರು ಮೊದಲು ಶಿವಾಜಿಗೆ ಎದುರಾಗಿದ್ದವರು. ಭೋರಿನ ನೆತ್ತಿಯ ಮೇಲೇ ಕಾಣುವ ರೋಹಿಡಾ ಕೋಟೆ ಶಿವಾಜಿಯ ಕೈಸೇರಿದ ಮೇಲೆ ಬಾಜೀಪ್ರಭು ಗೆದ್ದವನ ಸೇವೆಗೆ ಬಂದ. 1660ರ ಜುಲೈಯಲ್ಲಿ ಸಿದ್ದಿ ಜೌಹರನ ಮುತ್ತಿಗೆಯಿಂದ ತಪ್ಪಿಸಿಕೊಂಡು ಶಿವಾಜಿ ಪನ್ಹಾಳದಿಂದ ವಿಶಾಲಗಡಕ್ಕೆ ಹೋಗುವಾಗ, ಘೋಡಖಿಂಡಿಯ ಇಕ್ಕಟ್ಟಿನಲ್ಲಿ ಬಾಂದಲರ ಜನರನ್ನು ಕಟ್ಟಿಕೊಂಡು ನಿಂತು ಜೀವ ಕೊಟ್ಟವನು ಇವನೇ. ಆಮೇಲೆ ಅದಕ್ಕೆ ಪಾವನಖಿಂಡಿ ಎಂದು ಹೆಸರಾಯಿತು. ಮಹಾರಾಷ್ಟ್ರದ ಸ್ವಾಮಿನಿಷ್ಠೆಯ ದೊಡ್ಡ ಉದಾಹರಣೆ ಎರಡನೆಯ ಒಡೆಯನ ಹತ್ತಿರ ಸೇರಿದವನದು ಎನ್ನುವುದನ್ನು ಶಾಲೆಯ ಪುಸ್ತಕದಲ್ಲಿ ಯಾರೂ ಒತ್ತಿ ಹೇಳುವುದಿಲ್ಲ.

ಎರಡನೆಯವರು ಶಂಕರಾಜಿ ನಾರಾಯಣ, ಭೋರ್ ರಾಜಮನೆತನದ ಮೂಲಪುರುಷರು. ಛತ್ರಪತಿ ರಾಜಾರಾಮರ ಕಾಲದಲ್ಲಿ ಸಚಿವ ಪದವಿ ಪಡೆದವರು. ಅಲ್ಲಿಂದಲೇ ಭೋರಿನ ರಾಜರಿಗೆ 'ಪಂತ ಸಚಿವ' ಎಂಬ ಬಿರುದು. ಅಷ್ಟಪ್ರಧಾನರಲ್ಲಿ ಸಚಿವನ ಕೆಲಸ ಏನು ಗೊತ್ತೇ? ಹೊರಡುವ ಪತ್ರ ತಪಾಸಣೆ ಮಾಡುವುದು, ಪರಗಣಗಳ ಲೆಕ್ಕ ನೋಡುವುದು. ನಮ್ಮ ಭಾಷೆಯಲ್ಲಿ ಆಡಿಟ್ ಅನ್ನಿ. ನನಗೆ ಅವರ ಬಗ್ಗೆ ಒಂದು ತರಹದ ಬಂಧುತ್ವ ಬಂದುಬಿಟ್ಟಿತು! 1700ರಲ್ಲಿ ರಾಜಾರಾಮ ತೀರಿಕೊಂಡ ಮೇಲೆ ರಾಣಿ ತಾರಾಬಾಯಿ ರಾಜ್ಯ ನಡೆಸಿದಳು. 1707ರಲ್ಲಿ ಔರಂಗಜೇಬ ಸತ್ತ. ಮೊಗಲರ ಸೆರೆಯಲ್ಲಿದ್ದ ಶಾಹು, ಅಂದರೆ ಸಂಭಾಜಿಯ ಮಗ, ಬಿಡುಗಡೆಯಾಗಿ ಬಂದ. ಸಿಂಹಾಸನ ತನ್ನದು ಅಂದ. ಒಬ್ಬೊಬ್ಬರೇ ಸರದಾರರು ಆ ಕಡೆ ಹೋದರು. ಶಂಕರಾಜಿಗೆ ಮಾತ್ರ ಆಗಲಿಲ್ಲ. ತಾರಾಬಾಯಿಯ ಮುಂದೆ ಆಣೆ ಮಾಡಿದ್ದರು. ಇತ್ತ ಶಾಹು ಹಿರಿಯ ಮನೆಯ ಹಕ್ಕುದಾರ. ಆಣೆ ಮುರಿಯಲೂ ಮನಸ್ಸಿಲ್ಲ, ಹಕ್ಕುದಾರನ ಮೇಲೆ ಕತ್ತಿ ಎತ್ತಲೂ ಮನಸ್ಸಿಲ್ಲ. ಅದೇ ವರ್ಷ ಪ್ರಾಣ ಕಳೆದುಕೊಂಡರು. ಹೇಗೆ ಎನ್ನುವುದರಲ್ಲಿ ಪಾಠಾಂತರ ಉಂಟು, ತಾವೇ ಕಳೆದುಕೊಂಡರು ಎನ್ನುವುದರಲ್ಲಿ ಇಲ್ಲ. ಶಾಹು ದೊಡ್ಡತನ ತೋರಿಸಿ ಅವರ ಎಳೆಯ ಮಗ ನಾರೋ ಶಂಕರನಿಗೇ ಸಚಿವ ಪದವಿ ಕೊಟ್ಟ.

ಈ ಎರಡು ಕಥೆ ಓದಿ ನಾನು ಒಂದು ಲೆಕ್ಕ ಹಾಕಿದೆ. ಬಿಟ್ಟು ಹೋಗುವುದು ಪಾಪವೂ ಅಲ್ಲ, ಉಳಿಯುವುದು ಪುಣ್ಯವೂ ಅಲ್ಲ. ಆದರೆ ಎರಡರ ನಡುವೆ ನಿಂತಾಗ ಕೈಗಳು ಏನು ಮಾಡುತ್ತಿರುತ್ತವೆ? ಅದನ್ನು ಇತಿಹಾಸದ ಪುಸ್ತಕ ಹೇಳುವುದಿಲ್ಲ.

ಅದನ್ನು ಹೇಳಿದವರು ನಮ್ಮ ಶಾಖೆಗೆ ತಿಂಗಳ ಮೊದಲ ವಾರ ಪಿಂಚಣಿಗೆ ಬರುತ್ತಿದ್ದ ಒಬ್ಬ ಹಿರಿಯರು. ಎಪ್ಪತ್ತೈದು ದಾಟಿತ್ತು. ಕರಿ ಟೋಪಿ, ಕೊಡೆ. ಸಂಸ್ಥಾನದ ಖಜಾನೆಯಲ್ಲಿ ಕಾರಕೂನರಾಗಿ ಸೇರಿದವರು. ನಾನು ರಾಮದುರ್ಗದವನು ಅಂದ ಕೂಡಲೇ, "ಅಂದರೆ ನೀವೂ ಸಂಸ್ಥಾನದ ಮಂದಿ!" ಅಂತ ಕುರ್ಚಿ ಎಳೆದು ಕೂತರು. 1948ರ ಆ ದಿನಗಳನ್ನು ಕೇಳಿದೆ. ರಾಜ್ಯ ಹೋಗುತ್ತದೆ ಎಂದು ಎಲ್ಲರಿಗೂ ಗೊತ್ತು, ತಮ್ಮ ನೌಕರಿ ಉಳಿಯುತ್ತದೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಮುಂಬಯಿ, ಪುಣೆಗೆ ಅರ್ಜಿ ಹಾಕುವವರು ಹಾಕುತ್ತಿದ್ದರಂತೆ, ಇವರೂ ಹಾಕಿದ್ದರು. ಹಗಲೆಲ್ಲ ಮೋಡಿ ಲಿಪಿಯ ಹಳೇ ದಫ್ತರಗಳ ಯಾದಿ ಮಾಡುವ ಕೆಲಸ. "ಸಾಹೇಬ, ಆ ನಾಲ್ಕು ತಿಂಗಳು ನನ್ನ ಅಕ್ಷರ ಎಷ್ಟು ಚಂದ ಬಂತು ಅಂದರೆ, ಮುಂದೆ ಮೂವತ್ತು ವರ್ಷ ಸರ್ಕಾರಿ ನೌಕರಿಯಲ್ಲಿ ಹಾಗೆ ಬರಲಿಲ್ಲ" ಅಂದರು. ಯಾಕೆ ಅಂತ ಕೇಳಿದೆ. "ಯಾರಿಗಾಗಿ ಬರೀತೀನಿ ಗೊತ್ತಿರಲಿಲ್ಲವಲ್ಲ. ಬೈಯುವ ಸಾಹೇಬ ಇಲ್ಲ, ಹೊಗಳುವ ಸಾಹೇಬ ಇಲ್ಲ. ಬರೀ ಅಕ್ಷರ ನೋಡಿಕೊಂಡು ಬರೆದೆ" ಅಂದರು. ಟೋಕನ್ ಕರೆದರು, ಎದ್ದು ಹೋದರು.

1995ರ ಬೇಸಿಗೆಯಲ್ಲಿ ನನಗೆ ಮುಂಬಯಿಯಿಂದ ಸಂದರ್ಶನಕ್ಕೆ ಕರೆ ಬಂತು. ನರೀಮನ್ ಪಾಯಿಂಟಿನಲ್ಲಿ ಒಂದು ಹೊಸ ಬ್ಯಾಂಕಿನ ಕಚೇರಿ, ಹದಿನೇಳನೇ ಮಹಡಿಯೋ ಹದಿನೆಂಟೋ. ಎಸಿಯಲ್ಲಿ ಕೂತಿದ್ದ ಮೂವರಲ್ಲಿ ನಡುವಿನವರು ನನ್ನ ಎರಡು ಸಾಲು ಓದಿ ಕೇಳಿದರು, "ಇದು ಯಾರು ಕೂತಿದ್ದರೂ ಆಗುತ್ತಿತ್ತು. ನೀವು ಹೋದ ಮೇಲೆ ಆ ಊರಿನಲ್ಲಿ ಹೊಸದಾಗಿ ಏನು ಆಗಿದೆ?" ನಾನು ಸ್ವಲ್ಪ ಹೊತ್ತು ಕೊಯ್ನಾ, ನೀರಾ ಅಂತ ಮಾತಾಡಿದೆ. ಆಯ್ಕೆ ಆಗಲಿಲ್ಲ. ವಾಪಸು ಬರುವಾಗ ಬಸ್ಸಿನಲ್ಲಿ ಉದ್ದಕ್ಕೂ ಅದೇ ಪ್ರಶ್ನೆ. ಕೇಳಿದವರ ಧಾಟಿ ಸರಿಯಿರಲಿಲ್ಲ. ಪ್ರಶ್ನೆ ಮಾತ್ರ ಸರಿಯಾಗಿಯೇ ಇತ್ತು. ಮುಂದಿನ ಸಂದರ್ಶನಕ್ಕೆ ಒಂದು ಮೂರನೇ ಸಾಲು ಬೇಕು ಎಂದು ತೀರ್ಮಾನ ಮಾಡಿದೆ. ಮುಚ್ಚುಮರೆ ಏನಿಲ್ಲ, ಹಳ್ಳಿಯ ಉದ್ಧಾರಕ್ಕಾಗಿ ಅಲ್ಲ, ಬಯೋಡೇಟಾಕ್ಕಾಗಿಯೇ.

ಆ ಸಾಲು ಎಲ್ಲಿಂದ ಸಿಕ್ಕಿತು ಅಂದರೆ, ನಮ್ಮ ಕರ್ನಾಟಕದಿಂದಲೇ! 1987ರಲ್ಲಿ ನಬಾರ್ಡ್ ಬೆಂಗಳೂರಿನ ಮೈರಾಡಾ ಸಂಸ್ಥೆಗೆ 10 ಲಕ್ಷ ರೂಪಾಯಿ ಅನುದಾನ ಕೊಟ್ಟು, ಬಡವರ ಸಣ್ಣ ಸಣ್ಣ ಉಳಿತಾಯ ಗುಂಪುಗಳ ಪ್ರಯೋಗಕ್ಕೆ ಬೆಂಬಲ ಕೊಟ್ಟಿತ್ತು. ಅದು ಫಲಿಸಿದ ಮೇಲೆ 1992ರಲ್ಲಿ 500 ಗುಂಪುಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಾಯೋಗಿಕ ಯೋಜನೆ ಬಂತು. 1996ರಲ್ಲಿ ರಿಸರ್ವ್ ಬ್ಯಾಂಕು ಇದನ್ನು ಬ್ಯಾಂಕುಗಳ ಮಾಮೂಲು ಕೆಲಸದಲ್ಲೇ ಸೇರಿಸಿತು. ಸುತ್ತೋಲೆ ನಮ್ಮ ಶಾಖೆಗೂ ಬಂದು ಫೈಲಿನಲ್ಲಿ ಕೂತಿತ್ತು. ಕೃಷಿ ಸಾಲದ ಅಧಿಕಾರಿ ನಾನೇ. 1989ರಿಂದ ಸೇವಾ ಕ್ಷೇತ್ರ ಪದ್ಧತಿ ಬಂದಿದ್ದರಿಂದ ಇಂತಿಂಥ ಹಳ್ಳಿ ಇಂತಿಂಥ ಶಾಖೆಗೆ ಎಂದು ಹಂಚಿಕೆಯಾಗಿತ್ತು. ನಮ್ಮ ಪಾಲಿನಲ್ಲಿ ಘಾಟಿನ ಬಗಲಿಗೆ ಅಂಟಿಕೊಂಡ ಕೆಲವು ಹಳ್ಳಿಗಳಿದ್ದವು. ಬೆಳಗ್ಗೆ ಒಂದು ಬಸ್ಸು, ಸಂಜೆ ಒಂದು.

ಆ ಹಳ್ಳಿಗಳ ಸ್ಥಿತಿ ಹೇಳಬೇಕು. ಭಾಟಘರ್ ಆಣೆಕಟ್ಟು ಬ್ರಿಟಿಷರು ಕಟ್ಟಿದ್ದು. ಈಗಿರುವ ದೊಡ್ಡ ಕಟ್ಟೆ 1920ರ ದಶಕದ್ದು. ನೀರು ನಿಲ್ಲುವುದು ಭೋರಿನ ಕಣಿವೆಯಲ್ಲಿ, ಕಬ್ಬು ಬೆಳೆಯುವುದು ಕಾಲುವೆ ಹೋದ ಬಾರಾಮತಿ, ಫಲಟಣದ ಕಡೆ. ಮೇಲಿನವರಿಗೆ ಮಳೆಗಾಲದ ಭತ್ತ ಅಷ್ಟೆ. ಹಾಗಾಗಿ ತಲೆಮಾರುಗಳಿಂದ ಗಂಡಸರು ಮುಂಬಯಿಗೆ, ಬಟ್ಟೆ ಗಿರಣಿಗೆ. 1982ರ ಜನವರಿ 18ರಂದು ದತ್ತಾ ಸಾಮಂತರ ನೇತೃತ್ವದಲ್ಲಿ ಗಿರಣಿ ಮುಷ್ಕರ ಆರಂಭವಾಯಿತು. ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಹೊರಗೆ ನಿಂತರು. ಎಷ್ಟೋ ಜನರಿಗೆ ಆ ಮುಷ್ಕರ ಮುಗಿಯಲೇ ಇಲ್ಲ. ನಾನು ನೋಡಿದ ಒಬ್ಬರು ಹದಿಮೂರು ವರ್ಷ ಆದ ಮೇಲೂ, "ಗಿರಣಿ ಶುರುವಾದರೆ ಹೋಗತೀನಿ" ಅನ್ನುತ್ತಿದ್ದರು. ಬೋನಸ್ಸಿನ ಚೀಟಿ, ಬದಲಿ ಕಾರ್ಡು ಎಲ್ಲ ಟ್ರಂಕಿನಲ್ಲಿ. ನನ್ನ ಹುಡುಕಾಟ ತಿಂಗಳ ಒಂದನೇ ತಾರೀಖಿಗೆ ಸಂಬಳ ಎಣಿಸಿಕೊಳ್ಳುವವನ ಹುಡುಕಾಟ, ಅವರದು ಬೇರೆ. ಎರಡಕ್ಕೂ ಒಂದೇ ಶಬ್ದ ಬಳಸುವುದು ನನಗೆ ಸರಿ ಕಾಣುವುದಿಲ್ಲ.

ಇಂಥ ಮನೆಗಳ ಹೆಂಗಸರು ಹದಿನಾರು ಮಂದಿ ಕೂಡಿ ಮೊದಲ 'ಬಚತ್ ಗಟ್' ಮಾಡಿದರು. ತಿಂಗಳಿಗೆ ತಲೆಗೆ 20 ರೂಪಾಯಿ. ಆರು ತಿಂಗಳಿಗೆ 1,920 ರೂಪಾಯಿ ಆಯಿತು. ಅದರ ದುಪ್ಪಟ್ಟು, ಜಾಮೀನಿಲ್ಲದೆ, ಗುಂಪಿನ ಹೆಸರಿಗೆ ಸಾಲ. ಅಂದರೆ 3,840. ನಾಲ್ಕು ಲಕ್ಷದ ಟ್ರ್ಯಾಕ್ಟರ್ ಸಾಲ ಮಂಜೂರು ಮಾಡಿದಾಗಲೂ ಅಷ್ಟು ಕಾಗದ ಓಡಾಡಿರಲಿಲ್ಲ. ಮೇಲಿನ ಕಚೇರಿಯಿಂದ ಫೋನು, "ಇಷ್ಟು ಸಣ್ಣ ಮೊತ್ತಕ್ಕೆ ಇಷ್ಟು ದೂರ ಯಾಕೆ ಹೋಗತೀರಿ? ಠೇವಣಿ ನೋಡಿರಿ." ಬೇರೆ ಹೊತ್ತಿನಲ್ಲಿ ಆಗಿದ್ದರೆ "ಆಗಲಿ ಸರ್" ಎಂದು ಇಡುತ್ತಿದ್ದೆನೋ ಏನೋ. ಅವತ್ತು, "ಸರ್, ಇದು ರಿಸರ್ವ್ ಬ್ಯಾಂಕಿನ ಸುತ್ತೋಲೆ, ನಂಬರ್ ಬರೆದುಕೊಳ್ಳಿರಿ" ಅಂದೆ. ಜೇಬಿನಲ್ಲಿ ಇನ್ನೊಂದು ಅರ್ಜಿ ಇದ್ದವನಿಗೆ ನಾಲಗೆ ಸ್ವಲ್ಪ ನೆಟ್ಟಗಾಗುತ್ತದೆ. ಹೋಗಲಿಕ್ಕೆ ತಯಾರಾದವನ ಈ ನಿರ್ಭಯವನ್ನು ಯಾವ ತರಬೇತಿ ಕಾಲೇಜೂ ಕಲಿಸುವುದಿಲ್ಲ. ಪ್ರಮೋಶನ್ನಿನ ಆಸೆ ಇದ್ದಾಗ ಅದು ಬರುವುದೂ ಇಲ್ಲ. ಆ ಹಳ್ಳಿಗೆ ಹೋಗುವ ದಿನ ಬೆಳಗ್ಗೆ ನಾನು ಹಾಡಿಕೊಳ್ಳುತ್ತಾ ಗಡ್ಡ ಮಾಡಿಕೊಳ್ಳುತ್ತಿದ್ದೆ ಎಂದು ಬಗಲಿನ ಕೋಣೆಯ ಸಹೋದ್ಯೋಗಿ ದೂರುತ್ತಿದ್ದ.

ಗುಂಪಿಗೆ ಒಬ್ಬ ಅಧ್ಯಕ್ಷೆ, ಲೆಕ್ಕ ಬರೆಯಲು ಒಬ್ಬಳು. ಲೆಕ್ಕ ಬರೆಯುವವಳಿಗೆ ಮರಾಠಿಯಲ್ಲಿ ಏನನ್ನುತ್ತಾರೆ? ಸಚಿವ! ಪಂತ ಸಚಿವರ ಸೀಮೆಯಲ್ಲಿ ಏಳನೇ ಇಯತ್ತೆ ಓದಿದ ಸಚಿವೆ. ಕಂದೀಲಿನ ಬೆಳಕಿನಲ್ಲಿ ಆಕೆ ಬರೆದ ರಿಜಿಸ್ಟರು ತಪಾಸಣೆ ಮಾಡಿದೆ. ಎರಡು ವರ್ಷದಲ್ಲಿ ಒಂದು ಕಡೆ ಮಾತ್ರ ಒಂದು ರೂಪಾಯಿ ವ್ಯತ್ಯಾಸ. ಅದೂ ಮುಂದಿನ ತಿಂಗಳು ಆಕೆಯೇ ಹಿಡಿದು ತಿದ್ದಿದ್ದಳು. ಸಾಲ ಹೋದದ್ದು ಭತ್ತದ ಬೀಜಕ್ಕೆ, ಎರಡು ಆಡಿಗೆ, ಒಬ್ಬಳ ಗಂಡನ ಆಸ್ಪತ್ರೆಗೆ. ಆಸ್ಪತ್ರೆಯ ಸಾಲ ನಮ್ಮ ಯಾವ ಯೋಜನೆಯಲ್ಲೂ ಕೂಡುವಂಥದಲ್ಲ. ಗುಂಪು ತಾನೇ ತೀರ್ಮಾನಿಸಿ ಕೊಟ್ಟಿತು, ತಾನೇ ವಸೂಲು ಮಾಡಿತು.

ಇದೇ ಹೊತ್ತಿನಲ್ಲಿ ನನಗೆ ಬೇಂದ್ರೆಯವರು ನೆನಪಾಗುತ್ತಿದ್ದರು, ಧಾರವಾಡದಲ್ಲಿ ಓದಿದವನಿಗೆ ಅದು ತಪ್ಪಿದ್ದಲ್ಲ. ಅವರ ಕವಿತೆಯ ಬಗ್ಗೆ ಎಲ್ಲರೂ ಮಾತಾಡುತ್ತಾರೆ, ನೌಕರಿಯ ಬಗ್ಗೆ ಕಡಿಮೆ. 'ನರಬಲಿ' ಕವಿತೆಗಾಗಿ ಸೆರೆಮನೆಗೆ ಹೋಗಿ ಬಂದ ಮೇಲೆ ಅವರಿಗೆ ಸರಿಯಾದ ನೌಕರಿ ಇಲ್ಲದೆ ವರ್ಷಗಟ್ಟಲೆ ಕಳೆಯಿತು. ನೆಲೆಯಾದ ಕೆಲಸ ಸಿಕ್ಕಿದ್ದು 1944ರಲ್ಲಿ, 48ನೇ ವಯಸ್ಸಿಗೆ, ಸೊಲ್ಲಾಪುರದ ಡಿಎವಿ ಕಾಲೇಜಿನಲ್ಲಿ. ಸಾಧನಕೇರಿ ಬಿಟ್ಟು 1956ರವರೆಗೆ, ಹನ್ನೆರಡು ವರ್ಷ, ಅಲ್ಲಿದ್ದರು. ಬರೆಯುವುದು ನಿಲ್ಲಲಿಲ್ಲ, 1958ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದ 'ಅರಳು ಮರಳು' ಆ ವರ್ಷಗಳ ಬೆನ್ನಿಗೇ ಬಂದದ್ದು. ಪರಊರಿನ ನೌಕರಿ ಮಾಡುವ ಕನ್ನಡಿಗರು ಸೊಲ್ಲಾಪುರದ ಬೇಂದ್ರೆಯವರನ್ನು ಆಗಾಗ ನೆನೆಯಬೇಕು ಅಂತ ನನ್ನ ಅಭಿಪ್ರಾಯ.

ಇರಲಿ. 1997ರಲ್ಲಿ ಎರಡನೇ ಸಂದರ್ಶನ ಬಂತು, ಬೇರೆ ಬ್ಯಾಂಕು, ಪುಣೆಯಲ್ಲೇ. ಮೂರನೇ ಸಾಲು ಓದಿ ಇಪ್ಪತ್ತು ನಿಮಿಷ ಅದೊಂದನ್ನೇ ಕೇಳಿದರು. ಹದಿನೈದು ದಿನಕ್ಕೆ ಕಾಗದ ಬಂತು. ಸಂಬಳ ಹೆಚ್ಚುಕಡಿಮೆ ಎರಡು ಪಟ್ಟು, ಊರು ಸೂರತ್. ಹೆಂಡತಿಗೆ ಫೋನು ಮಾಡಿದೆ. ಆಕೆ, "ಭೋರಿಗಿಂತ ಸೂರತ್ ಧಾರವಾಡಕ್ಕೆ ಹತ್ತಿರ ಐತೇನು?" ಅಂದಳು. ಇನ್ನೊಂದು ಲೆಕ್ಕವೂ ಇತ್ತು. 1995ರಲ್ಲಿ ಬ್ಯಾಂಕ್ ನೌಕರರಿಗೆ ಪಿಂಚಣಿ ನಿಯಮ ಬಂದಿತ್ತು. ರಾಜೀನಾಮೆ ಕೊಟ್ಟರೆ ಹಿಂದಿನ ಸೇವೆಯೆಲ್ಲ ಹೋಯಿತು. ಸ್ವಯಂ ನಿವೃತ್ತಿಗೆ 20 ವರ್ಷ ಆಗಬೇಕು. ನನಗೆ ಆಗ 14. ಹೋಗಲಿಲ್ಲ. ಕಾರಣ ಇಷ್ಟೇ, ತತ್ವ ಏನೂ ಇಲ್ಲ.

ಹೋದವರು ಕೆಟ್ಟರು ಎಂದು ಹೇಳಲು ನಾನಿದನ್ನು ಬರೆಯುತ್ತಿಲ್ಲ. ಹೋದ ಗೆಳೆಯರಲ್ಲಿ ಕೆಲವರು ಷೇರು ಪಡೆದು ನಾವು ಕನಸಿನಲ್ಲೂ ಕಾಣದ ದುಡ್ಡು ಮಾಡಿದರು, ನ್ಯಾಯವಾಗಿಯೇ ಮಾಡಿದರು. ಹೊಸ ಬ್ಯಾಂಕುಗಳಲ್ಲಿ ಒಂದಾದ ಗ್ಲೋಬಲ್ ಟ್ರಸ್ಟ್ 2004ರಲ್ಲಿ ಮುಳುಗಿ ಓರಿಯಂಟಲ್ ಬ್ಯಾಂಕಿನಲ್ಲಿ ಸೇರಿತು. 2020ರಲ್ಲಿ ಓರಿಯಂಟಲ್ಲೂ ಪಂಜಾಬ್ ನ್ಯಾಷನಲ್‌ನಲ್ಲಿ ಸೇರಿತು. ಉಳಿದವರದೂ ಅದೇ ಪಾಡು. ವಿಜಯಾ 2019ರಲ್ಲಿ, ಸಿಂಡಿಕೇಟ್, ಕಾರ್ಪೊರೇಷನ್ 2020ರಲ್ಲಿ ಬೇರೆ ಬ್ಯಾಂಕುಗಳಲ್ಲಿ ವಿಲೀನವಾದವು. ನೌಕರಿ ಬದಲಿಸದೆ ಕೂತವರಿಗೂ ಒಡೆಯ ಬದಲಾದ. 2000–01ರ ಸ್ವಯಂ ನಿವೃತ್ತಿ ಯೋಜನೆಯಲ್ಲಿ ಸರ್ಕಾರಿ ಬ್ಯಾಂಕುಗಳಿಂದ ಒಂದು ಲಕ್ಷಕ್ಕೂ ಹೆಚ್ಚು ಜನ ಹೊರಬಿದ್ದರು. ಆಗ ನನಗೂ ಅರ್ಹತೆ ಇತ್ತು, ಫಾರ್ಮು ತಂದು ಮನೆಯಲ್ಲಿ ಇಟ್ಟಿದ್ದೆ. ಅದು ಹುಬ್ಬಳ್ಳಿಯ ಕಥೆ, ಇಲ್ಲಿ ಬೇಡ.

1998ರ ಮೇ ತಿಂಗಳಲ್ಲಿ ಹುಬ್ಬಳ್ಳಿಗೆ ವರ್ಗವಾಯಿತು. ಆ ಹೊತ್ತಿಗೆ ಗುಂಪುಗಳು ಹನ್ನೊಂದು ಆಗಿದ್ದವು. ನನ್ನ ಜಾಗಕ್ಕೆ ಬಂದವನು ಮಂಗಳೂರು ಕಡೆಯ ಹುಡುಗ, ಇಪ್ಪತ್ತೆಂಟು ಇರಬಹುದು. ಚಾರ್ಜ್ ಪಟ್ಟಿಗೆ ಸಹಿ ಹಾಕುವ ಮೊದಲೇ ಕೇಳಿದ, "ಸರ್, ಇಲ್ಲಿಂದ ಟ್ರಾನ್ಸ್‌ಫರ್ ಎಷ್ಟು ವರ್ಷಕ್ಕೆ ಸಿಗ್ತದೆ? ಇಲ್ಲಿಗೆ ಇಂಗ್ಲಿಷ್ ಪೇಪರ್ ಬರ್ತದಾ?" ಬರುತ್ತದೆ, ಬುಧವಾರ ಸ್ವಲ್ಪ ಬೇಗ ಬಂದು ಹಿಡಿಯಬೇಕು ಅಂದೆ. ಆಮೇಲೆ ಗುಂಪುಗಳ ಹನ್ನೊಂದು ಪಾಸ್‌ಬುಕ್ ಎಣಿಸಿ ಕೊಟ್ಟು, ಘಾಟಿನ ಹಳ್ಳಿಗೆ ಹೋಗುವ ಬಸ್ಸು ನಿಲ್ದಾಣದ ಯಾವ ಮೂಲೆಯಲ್ಲಿ ನಿಲ್ಲುತ್ತದೆ, ಡ್ರೈವರ್ ಚಹಾ ಕುಡಿಯಲು ಎಲ್ಲಿ ಇಳಿಯುತ್ತಾನೆ, ಕೊಡೆ ಯಾವ ತಿಂಗಳವರೆಗೆ ಬೇಕು ಅನ್ನುವುದನ್ನು ಒಂದು ಚೀಟಿಯಲ್ಲಿ ಬರೆದುಕೊಟ್ಟೆ.